ಟ್ರಾಮ್ ಹೋಯ್ತು, ಲೆಕ್ಕ ಉಳೀತು

ಮುಂಬೈನ ಕೆಂಪು ಬಸ್ಸುಗಳ ಮೇಲೆ ‘ಬೆಸ್ಟ್’ ಅಂತ ಬರೆದಿರೋದನ್ನು ನೀವು ನೋಡಿರ್ತೀರಿ. ಅದು ತಮಗೆ ತಾವೇ ಕೊಟ್ಟುಕೊಂಡ ಸರ್ಟಿಫಿಕೇಟ್ ಅಲ್ಲ, ಸಂಸ್ಥೆಯ ಹೆಸರು. ಬಿ ಅಂದ್ರೆ ಮೊದಲು ಬಾಂಬೆ ಆಗಿತ್ತು, ಇ ಮತ್ತು ಎಸ್ ಅಂದ್ರೆ ಎಲೆಕ್ಟ್ರಿಕ್ ಸಪ್ಲೈ. ಕೊನೆಯ ‘ಟಿ’ ಮೊದಲು ಟ್ರಾಮ್‌ವೇಸ್ ಆಗಿತ್ತು, ಆಮೇಲೆ ಟ್ರಾನ್ಸ್‌ಪೋರ್ಟ್ ಆಯ್ತು. ಸರಿ, ಬಸ್ ಓಡಿಸುವವರ ಹೆಸರಲ್ಲಿ ಕರೆಂಟಿಗೇನು ಕೆಲಸ? ಈ ಪ್ರಶ್ನೆ ಹಿಡಿದು ಹೊರಟರೆ ನಗರ ಸಾರಿಗೆಯ ಒಂದೂವರೆ ಶತಮಾನದ ಜಮಾಖರ್ಚು ತೆರೆದುಕೊಳ್ಳುತ್ತೆ.

ಕಥೆ ಶುರುವಾಗೋದು ಕುದುರೆಗಳಿಂದ. 1873ರಲ್ಲಿ ಬಾಂಬೆ ಟ್ರಾಮ್‌ವೇ ಕಂಪನಿ ಹುಟ್ಟಿತು. ಅದರ ಹಿಂದೆ ಇದ್ದದ್ದು ಸ್ಟರ್ನ್ಸ್ ಅಂಡ್ ಕಿಟ್ರೆಜ್ ಅನ್ನುವ ಸಂಸ್ಥೆ. 1874ರ ಮೇ 9ರಂದು ಕೊಲಾಬಾದಿಂದ ಪಾಯ್ಧುನಿಗೆ ಹಳಿಯ ಮೇಲೆ ಕುದುರೆ ಗಾಡಿ ಓಡಿತು. ದರ 3 ಆಣೆ. ಟಿಕೆಟ್ ಕೊಡುತ್ತಿರಲಿಲ್ಲ, ಕಾಸು ಕೊಟ್ಟು ಕೂತರೆ ಆಯ್ತು. ಜನ ಹೆಚ್ಚಾದಂತೆ ದರ 2 ಆಣೆಗೆ ಇಳಿಯಿತು. ಕಾಸು ಕೊಡದೇ ಇಳಿದು ಹೋಗುವವರೂ ಹೆಚ್ಚಾದರು ನೋಡಿ, ಅದೇ ವರ್ಷ ಟಿಕೆಟ್ ಬಂತು!

ಆದರೆ ಕುದುರೆ ದುಬಾರಿ ಇಂಜಿನ್. ದಿನಕ್ಕೆ ಕೆಲವೇ ಗಂಟೆ ಎಳೆಯುತ್ತೆ, ಮೇವು ಮಾತ್ರ ದಿನವಿಡೀ ಬೇಕು. ಗಾಡಿ ತುಂಬಿರಲಿ ಖಾಲಿ ಇರಲಿ, ಲಾಯದ ಖರ್ಚು ತಪ್ಪದು. ಕಂಪನಿಯ ಲಾಯದಲ್ಲಿ ಸುಮಾರು 900 ಕುದುರೆಗಳಿದ್ದವು ಅನ್ನುತ್ತಾರೆ. ಇವುಗಳ ಬದಲು ವಿದ್ಯುತ್ ತರೋಣ ಅಂತ ಕಂಪನಿ 1899ರಲ್ಲೇ ಕೇಳಿತ್ತು. ಹಣ ಯಾರು ಹಾಕಬೇಕು, ಹಕ್ಕು ಯಾರದು ಅನ್ನೋ ಚೌಕಾಸಿಯಲ್ಲೇ ವರ್ಷಗಳು ಕಳೆದವು.

ಪರಿಹಾರ ಸಿಕ್ಕಿದ್ದು 1905ರಲ್ಲಿ. ಟ್ರಾಮ್ ಮತ್ತು ವಿದ್ಯುತ್ ಎರಡನ್ನೂ ಒಂದೇ ಕಂಪನಿಯ ಕೈಗೆ ಕೊಟ್ಟರು. ಲೆಕ್ಕಾಚಾರ ಸರಳ. ಟ್ರಾಮ್‌ಗೆ ಹೇಗೂ ಪವರ್ ಹೌಸ್ ಬೇಕು. ಅಲ್ಲಿ ಹುಟ್ಟುವ ಕರೆಂಟನ್ನು ಅಂಗಡಿ, ಮನೆಗಳಿಗೂ ಮಾರಬಹುದು. ಟ್ರಾಮ್ ಗಳಿಸದೇ ಹೋದರೂ ದೀಪ ಗಳಿಸುತ್ತೆ. 1907ರ ಮೇ 7ರಂದು ಬಾಂಬೆಯಲ್ಲಿ ಎಲೆಕ್ಟ್ರಿಕ್ ಟ್ರಾಮ್ ಓಡಿತು.

ಅದೇ 1905ರಲ್ಲಿ ನಮ್ಮ ಬೆಂಗಳೂರಿಗೂ ಶಿವನಸಮುದ್ರದ ಕರೆಂಟ್ ಬಂದು ಬೀದಿ ದೀಪ ಹತ್ತಿತ್ತು. ಕರೆಂಟ್ ಬಂತು, ಟ್ರಾಮ್ ಮಾತ್ರ ಯಾವತ್ತೂ ಬರಲಿಲ್ಲ.

ಬಾಂಬೆಯಲ್ಲಿ ಮುಂದಿನದ್ದು ಬೇಗ ಬೇಗ ಆಯ್ತು. 1920ರಲ್ಲಿ ಡಬಲ್ ಡೆಕ್ಕರ್ ಟ್ರಾಮ್. 1926ರ ಜುಲೈ 15ಕ್ಕೆ ಅದೇ ಕಂಪನಿಯಿಂದ ಮೊದಲ ಬಸ್. ಸ್ವಾತಂತ್ರ್ಯಕ್ಕೆ ಒಂದು ವಾರ ಮುಂಚೆ, 1947ರ ಆಗಸ್ಟ್ 7ರಂದು, ಇಡೀ ಕಂಪನಿ ಮುನಿಸಿಪಾಲಿಟಿಯ ಕೈಗೆ ಬಂತು. 1964ರ ಮಾರ್ಚ್ 31ರಂದು ಬೋರಿಬಂದರ್‌ನಿಂದ ದಾದರ್‌ಗೆ ಕೊನೆಯ ಟ್ರಾಮ್ ಹೋಯ್ತು. ಜನರ ಬಾಯಲ್ಲಿ ಆ ಜಾಗ ಇವತ್ತಿಗೂ ‘ದಾದರ್ ಟಿಟಿ’, ಅಂದ್ರೆ ಟ್ರಾಮ್ ಟರ್ಮಿನಸ್.

ಹಳಿ ಹೋದರೂ ಹಳೇ ಲೆಕ್ಕ ಉಳೀತು. ದಕ್ಷಿಣ ಮುಂಬೈನ ಮನೆ, ಆಫೀಸುಗಳಿಗೆ ಬೆಸ್ಟೇ ಕರೆಂಟ್ ಮಾರುತ್ತಿತ್ತು. ಅಲ್ಲಿನ ಲಾಭ ಬಸ್ಸಿನ ನಷ್ಟವನ್ನು ತುಂಬುತ್ತಿತ್ತು. ಬೇರೆ ಮಾತಲ್ಲಿ ಹೇಳೋದಾದ್ರೆ, ನರೀಮನ್ ಪಾಯಿಂಟ್‌ನ ಆಫೀಸಿನ ಎಸಿ, ಆ ಆಫೀಸಿನ ಜವಾನ ಮನೆಗೆ ಹೋಗೋ ಬಸ್ಸಿನ ಡೀಸೆಲ್ಲಿಗೂ ಒಂದಿಷ್ಟು ಕೊಡುತ್ತಿತ್ತು.

2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಈ ನಂಟು ಸಡಿಲವಾಯ್ತು. ಬಸ್ಸಿನ ನಷ್ಟವನ್ನು ನಮ್ಮ ಕರೆಂಟ್ ಬಿಲ್ಲಿಗೆ ಯಾಕೆ ಸೇರಿಸ್ತೀರಿ ಅಂತ ಗ್ರಾಹಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಜಗಳ ಕೋರ್ಟ್ ಮೆಟ್ಟಿಲೇರಿತು, ಕೊನೆಗೆ ಆ ವಸೂಲಿ ನಿಂತಿತು. ಆದರೆ ಹಾಗಿದ್ರೆ ಆ ದುಡ್ಡನ್ನು ಇನ್ಯಾರು ಕೊಡಬೇಕು ಅನ್ನೋದಕ್ಕೆ ಗಟ್ಟಿಯಾದ ಉತ್ತರ ಸಿಗಲಿಲ್ಲ. 2019ರಲ್ಲಿ ಜನರನ್ನು ವಾಪಸ್ ಕರೆಯೋಕೆ ಕನಿಷ್ಠ ದರವನ್ನು 5 ರೂಪಾಯಿಗೆ ಇಳಿಸಿದರು. 2025ರಲ್ಲಿ ಅದು 10 ರೂಪಾಯಿ ಆಯ್ತು. ಹಳೇ ಬಸ್ಸುಗಳು ಗುಜರಿಗೆ ಹೋದಂತೆ ಗುತ್ತಿಗೆ ಬಸ್ಸುಗಳು ಬಂದವು. ಅಲ್ಲಿ ಬಸ್ಸೂ ಕಂಟ್ರಾಕ್ಟರ್‌ದು, ಡ್ರೈವರೂ ಕಂಟ್ರಾಕ್ಟರ್ ಕಡೆಯವನು.

ಬೆಂಗಳೂರಿನ ದಾರಿ ಬೇರೆ. 1940ರಲ್ಲಿ ಬಿಟಿಸಿ ಅನ್ನೋ ಖಾಸಗಿ ಕಂಪನಿ, 1956ರಲ್ಲಿ ರಾಷ್ಟ್ರೀಕರಣವಾಗಿ ಬಿಟಿಎಸ್, 1997ರಿಂದ ಬಿಎಂಟಿಸಿ. ಬಿಟಿಎಸ್ ಅಂದ್ರೆ ‘ಬಿಟ್ರೆ ತಿರ್ಗಾ ಸಿಗಲ್ಲ’ ಅನ್ನೋ ಜೋಕು ನಿಮ್ಮಪ್ಪ ಅಮ್ಮನಿಗೆ ಗೊತ್ತಿರುತ್ತೆ, ಕೇಳಿ ನೋಡಿ. ಇಲ್ಲಿ ಬಸ್ಸಿಗೆ ಕರೆಂಟ್ ಅನ್ನೋ ಗಳಿಸುವ ಅಣ್ಣ ಇರಲಿಲ್ಲ. ಟಿಕೆಟ್ಟಿನ ದುಡ್ಡು ಸಾಲದೇ ಹೋದಾಗ ಸರ್ಕಾರದ ಮುಖ ನೋಡಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದಾಗ ಎದ್ದ ವಾದವೂ ಇದೇ ತಾನೆ? ಹೆಂಗಸರ ಟಿಕೆಟ್ ದುಡ್ಡು ಯಾರ ಜೇಬಿಂದ?

‘ಬಸ್ ಲಾಸ್‌ನಲ್ಲಿದೆ’ ಅನ್ನೋ ಮಾತು ಆಫೀಸಿನ ಊಟದ ಟೇಬಲ್ಲಲ್ಲಿ ಸಲೀಸಾಗಿ ಬರುತ್ತೆ. ಫ್ಲೈಓವರ್ ಲಾಸ್‌ನಲ್ಲಿದೆ ಅಂತ ಯಾರೂ ಹೇಳಿದ್ದು ಕೇಳಿಲ್ಲ, ಅದಕ್ಕೆ ಟಿಕೆಟ್ಟೇ ಇಲ್ಲವಲ್ಲ! ಬಾಂಬೆಯ ಕಂಪನಿಗೆ 1905ರಲ್ಲೇ ಅರ್ಥವಾಗಿತ್ತು: ಊರು ಓಡಾಡೋದರ ಲಾಭ ಬಸ್ಸಲ್ಲಿ ಕೂತವನಿಗೆ ಮಾತ್ರ ಅಲ್ಲ, ಅವನು ಬರಲಿ ಅಂತ ದೀಪ ಹಚ್ಚಿಕೊಂಡು ಕಾಯೋ ಅಂಗಡಿಯವನಿಗೂ ಇದೆ. ಖರ್ಚಲ್ಲೂ ಅವನ ಪಾಲಿರಬೇಕು. ಅದನ್ನು ಕರೆಂಟ್ ಬಿಲ್ಲಲ್ಲಿ ಕೇಳೋದೋ, ಆಸ್ತಿ ತೆರಿಗೆಯಲ್ಲೋ, ಪಾರ್ಕಿಂಗ್ ಶುಲ್ಕದಲ್ಲೋ ಅನ್ನೋದು ಚರ್ಚೆ ಆಗಲಿ. ಕೇಳದೇ ಬಿಟ್ಟರೆ ಆ ಬಿಲ್ ಹೋಗೋದು ಸ್ಟಾಪಲ್ಲಿ ನಿಂತು ಬಸ್ ಕಾಯ್ತಿರೋರ ಹೆಸರಿಗೇ.