ಮೇಲೆ ಕೂತವರ ಆಟ

ಒಂದು ವಿಜಯದಶಮಿಯ ದಿನ ಬೈರಮಂಗಲದ ನಮ್ಮ ಮನೆಯಲ್ಲಿ ಎಲ್ಲರೂ ಟಿ.ವಿ. ಮುಂದೆ ಕೂತಿದ್ದೆವು. ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತಿತ್ತು. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಕಣಕ್ಕಿಳಿದಿದ್ದರು. “ನಮ್ ಚನ್ನಪಟ್ಟಣದೋರೂ ಅವ್ರೆ ಕಣೋ ಇದ್ರಲ್ಲಿ” ಎಂದು ತಾತ ಹುರುಪಿನಿಂದ ಹೇಳಿ ಮುಗಿಸುವಷ್ಟರಲ್ಲಿ ಒಬ್ಬರ ನೆತ್ತಿಯಲ್ಲಿ ರಕ್ತ ಕಾಣಿಸಿಕೊಂಡಿತು, ಕಾಳಗ ನಿಂತಿತು. ಎಂಟನೇ ತರಗತಿಯಲ್ಲಿ ಓದುವ ಅಣ್ಣನ ಮಗ ನನ್ನ ಕಡೆ ತಿರುಗಿ, “ಇಷ್ಟೇನಾ ಅತ್ತೆ?” ಅಂದ.

ಅವನ ನಿರಾಸೆಗೆ ಕಾರಣವಿತ್ತು. ಹಿಂದಿನ ವಾರವಷ್ಟೇ ನಾವಿಬ್ಬರೂ ‘ದಿ ಹಂಗರ್ ಗೇಮ್ಸ್’ ಸಿನಿಮಾ ನೋಡಿದ್ದೆವು. ಸುಜಾನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ ಕಾದಂಬರಿಯ ಕಥೆ ಅದು. ಹಿಂದೊಮ್ಮೆ ದಂಗೆ ಎದ್ದದ್ದಕ್ಕೆ ದಂಡವಾಗಿ ಪಾನೆಮ್ ದೇಶದ 12 ಜಿಲ್ಲೆಗಳು ವರ್ಷಕ್ಕೊಮ್ಮೆ ಒಬ್ಬ ಹುಡುಗನನ್ನೂ ಒಬ್ಬಳು ಹುಡುಗಿಯನ್ನೂ ರಾಜಧಾನಿಗೆ ಒಪ್ಪಿಸಬೇಕು. 24 ಮಕ್ಕಳಲ್ಲಿ ಒಬ್ಬರೇ ಉಳಿಯುವವರೆಗೆ ಕಾದಾಟ. ನಾಡಿನವರೆಲ್ಲ ಅದನ್ನು ನೋಡಲೇಬೇಕು. ಇದೆಲ್ಲದರ ಮೇಲೆ ಕೂತ ಅಧ್ಯಕ್ಷ ಸ್ನೋ ಕಣಕ್ಕೆ ಕಾಲಿಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ. ಉಳಿದವರ ತಲೆಗೆ ಕಿರೀಟ ತೊಡಿಸುತ್ತಾನೆ.

ಮಧ್ಯಕಾಲೀನ ಕರ್ನಾಟಕದ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಆ ಪೀಠ ಹೊಸದಾಗಿ ಕಾಣಲಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ರಾಜ್ಯ ಪಡೆಯುವುದರಿಂದ ಹಿಡಿದು ಅಡುಗೆ, ಆಭರಣ, ಸಂಗೀತದವರೆಗೆ ಅರಸನ ಬದುಕನ್ನು ನೂರು ಅಧ್ಯಾಯಗಳಲ್ಲಿ ವಿವರಿಸುವ ವಿಶ್ವಕೋಶ ಅದು. ಅದರಲ್ಲಿ ಅರಸನ ವಿನೋದಗಳಿಗೆ ಮೀಸಲಾದ 20 ಅಧ್ಯಾಯಗಳಿವೆ. ಅವುಗಳಲ್ಲಿ ‘ಅಂಕವಿನೋದ’ ಒಂದು, ‘ಮಲ್ಲವಿನೋದ’ ಇನ್ನೊಂದು. ಆಯುಧ ಹಿಡಿದು ಇಬ್ಬರು ಕಾದುವುದು ಅಂಕ. ಹಾಗೆ ಕಾದುವವನು ಅಂಕಕಾರ. ಆ ಅಧ್ಯಾಯಗಳ ಆಸುಪಾಸಿನಲ್ಲೇ ಹುಂಜದ ಕಾಳಗ, ಲಾವುಗೆ ಹಕ್ಕಿಯ ಕಾಳಗ, ಟಗರು, ಕೋಣಗಳ ಕಾಳಗ ಬರುತ್ತವೆ. ಗ್ರಂಥಕರ್ತ ಕ್ರೂರಿ ಎಂದು ತೋರಿಸುವ ಸಾಲುಗಳನ್ನು ಹುಡುಕಬೇಕಿಲ್ಲ. ಪರಿವಿಡಿ ಓದಿದರೆ ಸಾಕು. ಪೀಠದ ಮೇಲಿನಿಂದ ನೋಡುವಾಗ ಮನುಷ್ಯ, ಹುಂಜ, ಟಗರು ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ನಾಲ್ಕು ಶತಮಾನ ದಾಟಿ ವಿಜಯನಗರಕ್ಕೆ ಬನ್ನಿ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಮಹಾನವಮಿಯ ಕುಸ್ತಿಯನ್ನು ಕಂಡು ಬೆರಗಾಗಿದ್ದಾನೆ. ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ವಿಕಾರವಾಗುವ ಹೊಡೆತಗಳವು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಜೋಡಿಗಳನ್ನು ಸರಿಸಮವಾಗಿ ನಿಲ್ಲಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ತೀರ್ಪುಗಾರರಿದ್ದರು. ಕೆಲವು ವರ್ಷಗಳ ನಂತರ ಬಂದ ನ್ಯೂನಿಜ್ ಇನ್ನೊಂದು ಸಂಗತಿ ಹೇಳುತ್ತಾನೆ. ದ್ವಂದ್ವಯುದ್ಧ ಮಾಡುವವರಿಗೆ ಅಲ್ಲಿ ದೊಡ್ಡ ಗೌರವವಿತ್ತು. ಸತ್ತವನ ಆಸ್ತಿ ಉಳಿದವನಿಗೆ ಸೇರುತ್ತಿತ್ತು. ಆದರೆ ಮಂತ್ರಿಯ ಅಪ್ಪಣೆಯಿಲ್ಲದೆ ಯಾರೂ ಕಾದುವಂತಿರಲಿಲ್ಲ. ಕೇಳಿದರೆ ಅಪ್ಪಣೆ ಕೂಡಲೇ ಸಿಗುತ್ತಿತ್ತು.

ಈ ಕೊನೆಯ ಮಾತಿನ ಮೇಲೆ ನನ್ನ ಕಣ್ಣು ಮತ್ತೆ ಮತ್ತೆ ನಿಲ್ಲುತ್ತದೆ. ಇಬ್ಬರ ಹಗೆಯನ್ನು ಪ್ರಭುತ್ವ ಬಿಡಿಸಲೂ ಇಲ್ಲ, ಅವರ ಪಾಡಿಗೆ ಬಿಡಲೂ ಇಲ್ಲ. ಅದಕ್ಕೊಂದು ಅಪ್ಪಣೆ, ಒಂದು ಬಹುಮಾನ ಇಟ್ಟು ತನ್ನದಾಗಿಸಿಕೊಂಡಿತು.

ಹಾಗೆಂದು ಸೋಮೇಶ್ವರನನ್ನೋ ಕೃಷ್ಣದೇವರಾಯನನ್ನೋ ಸ್ನೋನ ಪಕ್ಕದಲ್ಲಿ ಕೂರಿಸಿದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. ಇಲ್ಲಿ ಚೀಟಿ ಎತ್ತಿ ಮಕ್ಕಳನ್ನು ಎಳೆತರುತ್ತಿರಲಿಲ್ಲ. ಅಂಕಕಾರನಿಗೆ ತನ್ನ ಬಿರುದಿನ ಹೆಮ್ಮೆಯಿತ್ತು, ಜಟ್ಟಿಗೆ ತನ್ನ ಗರಡಿಯ ಹೆಮ್ಮೆಯಿತ್ತು. ಅವರು ತಾವಾಗಿಯೇ ಬಂದರು ಎನ್ನಬಹುದು. ಆದರೆ ‘ತಾವಾಗಿಯೇ’ ಎಂದರೇನು? ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಅದರ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕು. ಕಾಲಿನ್ಸ್ ತನ್ನ ದೇಶಕ್ಕಿಟ್ಟ ‘ಪಾನೆಮ್’ ಎಂಬುದು ಲ್ಯಾಟಿನ್ ಪದ. ಅದರ ಅರ್ಥ ರೊಟ್ಟಿ. ರೊಟ್ಟಿ ಮತ್ತು ಮನರಂಜನೆ ಕೊಟ್ಟರೆ ಜನ ಸುಮ್ಮನಿರುತ್ತಾರೆ ಎಂಬ ರೋಮಿನ ಹಳೆಯ ವ್ಯಂಗ್ಯದಿಂದ ಬಂದದ್ದು. ರೋಮಿನ ರೊಟ್ಟಿ ನೋಡುವವರ ಬಾಯಿ ಮುಚ್ಚಿಸಿತು. ನಮ್ಮ ಜೋಳ ಕಾದುವವರ ಕೈ ಕಟ್ಟಿಹಾಕಿತು. ಕಣಜದ ಬೀಗ ಮಾತ್ರ ಎರಡೂ ಕಡೆ ಮೇಲೆ ಕೂತವರ ಸೊಂಟದಲ್ಲೇ ಇತ್ತು.

ಇಂಥ ಪೀಠ ಹೆದರುವುದು ಯಾವುದಕ್ಕೆ? ಕಾದಂಬರಿ ಇದಕ್ಕೊಂದು ಉತ್ತರ ಕೊಡುತ್ತದೆ. ಕೊನೆಗೆ ಉಳಿದ ಇಬ್ಬರು ಒಬ್ಬರನ್ನೊಬ್ಬರು ಕೊಲ್ಲಲು ಒಪ್ಪದೆ ವಿಷದ ಹಣ್ಣುಗಳನ್ನು ಒಟ್ಟಿಗೆ ಬಾಯಿಗಿಡಲು ಹೊರಡುತ್ತಾರೆ. ಆಟ ನಡೆಸುವವರು ಗಾಬರಿಯಿಂದ ತಡೆಯುತ್ತಾರೆ. ಗೆದ್ದವರೇ ಇಲ್ಲದಿದ್ದರೆ ಕಿರೀಟ ತೊಡಿಸುವವನಿಗೆ ಕೆಲಸವಿಲ್ಲ.

ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರ್ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆಗಿ ಮುಂದುವರಿಸಿದರು. ಮೈಸೂರಿನ ವಜ್ರಮುಷ್ಟಿ ಆ ಪರಂಪರೆಯದೇ. ಇಂದು ಅದರ ನಿಯಮ ಸರಳ: ತಲೆಯಿಂದ ಮೊದಲ ಹನಿ ರಕ್ತ ಬಂದರೆ ಮುಗಿಯಿತು. ಮೈಸೂರು, ಚಾಮರಾಜನಗರ, ಬೆಂಗಳೂರು, ಚನ್ನಪಟ್ಟಣಗಳ ಜಟ್ಟಿಗಳು ಇದನ್ನು ಕಸುಬಿನ ಗೌರವವೆಂದೇ ಕಾಣುತ್ತಾರೆ. ‘ಸಾಕು’ ಎನ್ನುವುದು ಇಲ್ಲಿ ಯಾರ ಮರ್ಜಿಗೂ ಬಿಟ್ಟದ್ದಲ್ಲ, ಅದು ನಿಯಮದಲ್ಲೇ ಇದೆ. ಸ್ನೋನ ಕಣಕ್ಕೂ ಈ ಅಂಗಳಕ್ಕೂ ಇರುವ ಅಂತರ ಅಷ್ಟೇ, ಮತ್ತು ಅದು ಸಣ್ಣದಲ್ಲ.

“ಇಷ್ಟೇ ಕಣೋ, ಇಷ್ಟೇ ಇರ್ಬೇಕು” ಎಂದೆ ಹುಡುಗನಿಗೆ. ಅವನು ಸುಮ್ಮನಾಗಲಿಲ್ಲ. “ಸರಿ, ರಕ್ತ ಬಂತಲ್ಲ, ಅವರ ಹೆಸರೇನು?” ಎಂದ. ತಾತ ನನ್ನ ಮುಖ ನೋಡಿದರು, ನಾನು ತಾತನ ಮುಖ ನೋಡಿದೆ. ಸೋಮೇಶ್ವರನ ಬಿರುದುಗಳು ನನಗೆ ಬಾಯಿಪಾಠ. ಪೇಸ್ ಒಬ್ಬನೇ ಒಬ್ಬ ಜಟ್ಟಿಯ ಹೆಸರನ್ನೂ ಬರೆದಿಡಲಿಲ್ಲ ಎಂದು ಟಿಪ್ಪಣಿ ಮಾಡಿಕೊಂಡವಳೂ ನಾನೇ. ನಮ್ಮ ಕಣ್ಣೆದುರೇ ಕಾದಿದವರ ಹೆಸರು ಮಾತ್ರ ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.