ಹೈಸ್ಕೂಲ್ ಪೈಲ್ವಾನರನ್ನು ಮರೆಯದಿರೋಣ

ಲಚ್ಯಾಣದ ಕಡೆ ನಾವು ಜಾತ್ರೆ ಕುಸ್ತಿ ನೋಡುತ್ತೇವೆ, ಗೆದ್ದವರಿಗೆ ಚಪ್ಪಾಳೆ ತಟ್ಟುತ್ತೇವೆ. ಹೈಸ್ಕೂಲಿನಲ್ಲಿ ಗೆದ್ದ ಹುಡುಗರ ಹೆಸರು ಮಾತ್ರ ಬೇಗ ಮರೆತುಬಿಡುತ್ತೇವೆ.

ಕರಾಡದ ತಿಲಕ ಹೈಸ್ಕೂಲಿನಲ್ಲಿ ಓದಿದ ಖಾಶಾಬಾ ಜಾಧವರನ್ನೇ ನೋಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ಹಣವಿರಲಿಲ್ಲ. ಜನ ವಂತಿಗೆ ಕೊಟ್ಟರು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರ ತಮ್ಮ ಮನೆ ಅಡವಿಟ್ಟು 7000 ರೂಪಾಯಿ ಕೊಟ್ಟರು. ಜಾಧವ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಆಗ ಕರಾಡ, ವಿಜಾಪುರ ಎರಡೂ ಮುಂಬಯಿ ರಾಜ್ಯದಲ್ಲೇ ಇದ್ದವು.

1984ರಲ್ಲಿ ಅವರು ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಅಂಥವರ ಗತಿಯೇ ಹೀಗಾದರೆ, ತಾಲ್ಲೂಕು ಮಟ್ಟದಲ್ಲಿ ಗೆದ್ದವರನ್ನು ಯಾರು ನೆನೆಯಬೇಕು? ನಾವೇ. ಹಳೆಯ ಪ್ರಮಾಣಪತ್ರ, ಫೋಟೊ ಜೋಪಾನ ಮಾಡೋಣ. ಹಿರಿಯ ಪೈಲ್ವಾನರ ಮಾತನ್ನು ಅವರಿರುವಾಗಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋಣ.