ಬಾಣವೂ ಲಂಗರೂ
ಹೆಡತಲೆಯ ಕಡೆಯಿಂದ ಮೈಸೂರಿಗೆ ಬಂದು, ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ತಿಭಾರವಿಟ್ಟ ಸಂತ ಫಿಲೋಮಿನಾ ದೇವಾಲಯವನ್ನು ಹೊಕ್ಕವರು, ನೆಲಮಾಳಿಗೆಯಲ್ಲಿ ಮಲಗಿರುವ ಕನ್ಯೆಯ ಪ್ರತಿಮೆಯೆದುರು ತುಸು ಬೆದರುವುದುಂಟು.

೧೮೦೨ರಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಶ್ಮಶಾನದೊಳಗೆ ಎಲುಬುಗಳು ದೊರೆತುವು. ಸಮಾಧಿಯ ಹೆಂಚುಗಳ ಮೇಲೆ ಹೆಸರಿನೊಡನೆ ಬಾಣ, ಲಂಗರು, ತಾಳೆಗರಿಗಳ ಗುರುತುಗಳಿದ್ದುವು. ಕನ್ಯೆಗೆ ಲಂಗರು ಕಟ್ಟಿ ಹೊಳೆಗೆ ನೂಕಿದರು, ಬಾಣಗಳನ್ನೆಸೆದರು ಎಂಬ ಕಥೆಗೆ ಈ ಗುರುತುಗಳು ಹೊಂದಿಕೊಂಡುವು. ಆದರೆ ಆದಿಕ್ರೈಸ್ತರಿಗೆ ಲಂಗರು ಭರವಸೆಯ ಚಿಹ್ನೆ, ತಾಳೆಗರಿ ಜಯದ ಚಿಹ್ನೆ. ಆಕೆಯ ಜೀವಿತಕ್ಕೆ ಪ್ರಾಚೀನ ಲಿಖಿತಾಧಾರವಿಲ್ಲ. ೧೯೬೧ರಲ್ಲಿ ರೋಮು ಆಕೆಯ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು.

ಆದರೂ ಮೈಸೂರಿನಲ್ಲಿ ಭಕ್ತಿಯು ಅಳಿಯಲಿಲ್ಲ. ಭಕ್ತರು ಹಿಂಸೆಯ ಸಾಧನವನ್ನು ಹಿಂಸೆಗಾಗಿ ಗೌರವಿಸುವುದಿಲ್ಲ. ಮರಣವು ಗೆಲ್ಲಲಿಲ್ಲವೆಂಬುದಕ್ಕೆ ಗುರುತೆಂದು ಭಾವಿಸುವರು. ಶಿಲುಬೆಯನ್ನು ಅವರು ಕಾಣುವ ಬಗೆಯೂ ಇದೇ.